ಜರ್ಮನಿಯಲ್ಲಿ ಹೈಸ್ಕೂಲು: ಪುಟ್ಟ ದ್ವಿಭಾಷಾ ಶಾಲೆಗೆ ಮಗುವನ್ನು ಸೇರಿಸುವ ಮುನ್ನ

ಬೆಂಗಳೂರಿನಿಂದ ಜರ್ಮನಿಗೆ ಕೆಲಸದ ಮೇಲೆ ಹೊರಟ ಮನೆಗಳಲ್ಲಿ ವೀಸಾ, ಬಾಡಿಗೆ ಮನೆ, ಚಳಿಯ ಬಟ್ಟೆಯ ಮಾತೆಲ್ಲ ಮುಗಿದ ಮೇಲೂ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ: ಮಕ್ಕಳ ಓದಿನ ಗತಿ ಏನು? ಮಗು ಒಂದೋ ಎರಡೋ ತರಗತಿಯಲ್ಲಿದ್ದರೆ ಉತ್ತರ ಸುಲಭ. ಮನೆಯ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಗೆ ಕಳಿಸಿ. ವರ್ಷ ತುಂಬುವುದರೊಳಗೆ ಅದು ಅಲ್ಲಿನ ಮಕ್ಕಳ ಜೊತೆ ಜಗಳವಾಡುವಷ್ಟು ಜರ್ಮನ್ ಕಲಿತಿರುತ್ತದೆ. ಆರರಿಂದ ಹತ್ತನೆಯ ತರಗತಿಯ ನಡುವಿನ ಮಗುವಿನ ವಿಷಯ ಹಾಗಲ್ಲ. ಆ ವಯಸ್ಸಿನಲ್ಲಿ ಪಾಠ ಭಾಷೆಗಾಗಿ ಕಾಯುವುದಿಲ್ಲ. ಬೀಜಗಣಿತ, ಜೀವಕೋಶ, ಫ್ರೆಂಚ್ ಕ್ರಾಂತಿ ಎಲ್ಲವೂ ಒಂದೇ ವರ್ಷ ಬಂದು ನಿಲ್ಲುತ್ತವೆ, ಜೊತೆಗೆ ಗೊತ್ತಿಲ್ಲದ ಭಾಷೆಯೂ ಬರುತ್ತದೆ. ಮನೆಯಲ್ಲಿ ಶಾಲೆ ನಡೆಸುತ್ತೇವೆ, ಆನ್‌ಲೈನ್‌ನಲ್ಲಿ ಸಿಬಿಎಸ್‌ಇ ಮುಂದುವರಿಸುತ್ತೇವೆ ಎಂದು ಯೋಚಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಜರ್ಮನಿಯಲ್ಲಿ ಶಾಲೆಗೆ ಹೋಗುವುದು ಕಾನೂನಿನ ಕಡ್ಡಾಯ. ಅಲ್ಲಿ ವಾಸವಿರುವ ಮಗುವನ್ನು ಮನೆಯಲ್ಲೇ ಓದಿಸಲು ಬಿಡುವುದಿಲ್ಲ.

ಉಳಿಯುವ ದಾರಿಗಳು ಮೂರು. ಮೊದಲನೆಯದು ಸರ್ಕಾರಿ ಶಾಲೆ. ಫೀಸಿಲ್ಲ, ಗುಣಮಟ್ಟ ಚೆನ್ನಾಗಿದೆ. ಭಾಷೆ ಬಾರದ ಮಕ್ಕಳಿಗೆ ಮೊದಲು ಪೂರ್ವಸಿದ್ಧತಾ ತರಗತಿ ಇರುತ್ತದೆ. ಅದನ್ನು ಬರ್ಲಿನ್‌ನಲ್ಲಿ ವಿಲ್‌ಕೊಮೆನ್ಸ್‌ಕ್ಲಾಸ್ಸೆ ಎನ್ನುತ್ತಾರೆ, ಬವೇರಿಯಾದಲ್ಲಿ ಡಾಯ್ಚ್‌ಕ್ಲಾಸ್ಸೆ ಎನ್ನುತ್ತಾರೆ. ತೊಡಕು ಬರುವುದು ಆಮೇಲೆ. ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೆಯ ತರಗತಿ ಮುಗಿಯುತ್ತಲೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಬಿಡುತ್ತಾರೆ (ಬರ್ಲಿನ್, ಬ್ರಾಂಡೆನ್‌ಬುರ್ಗ್‌ಗಳಲ್ಲಿ ಮಾತ್ರ ಆರನೆಯದರ ನಂತರ). ವಿಶ್ವವಿದ್ಯಾಲಯದತ್ತ ನೇರವಾಗಿ ಒಯ್ಯುವುದು ಗಿಮ್ನಾಸಿಯುಮ್. ಬವೇರಿಯಾದಲ್ಲಿ ಅದಕ್ಕೆ ಸೇರಲು ಜರ್ಮನ್, ಗಣಿತ, ಪರಿಸರ ವಿಷಯಗಳಲ್ಲಿ ಸರಾಸರಿ 2.33 ಅಥವಾ ಅದಕ್ಕಿಂತ ಒಳ್ಳೆಯ ದರ್ಜೆ ಬೇಕು (ಅಲ್ಲಿ 1 ಅತ್ಯುತ್ತಮ). ಹನ್ನೆರಡನೆಯ ವಯಸ್ಸಿಗೆ ಬಂದಿಳಿದ, ಗಣಿತದಲ್ಲಿ ಚುರುಕಾದ ಮಗು ಕೇವಲ ಭಾಷೆಯ ಕಾರಣಕ್ಕೆ ಕೆಳಗಿನ ಬಗೆಯ ಶಾಲೆಯಲ್ಲಿ ಸಿಕ್ಕಿಕೊಳ್ಳುವುದನ್ನು ನೋಡಿದರೆ ಸಂಕಟವಾಗುತ್ತದೆ. ಮೇಲೇರುವ ದಾರಿ ಇದೆ, ಆದರೆ ಉದ್ದವಾದದ್ದು.

ಎರಡನೆಯದು ದೊಡ್ಡ ಅಂತರರಾಷ್ಟ್ರೀಯ ಶಾಲೆ. ಈ ಪರಂಪರೆ ಶುರುವಾದದ್ದು 1924ರಲ್ಲಿ ಜಿನೀವಾದಲ್ಲಿ, ಲೀಗ್ ಆಫ್ ನೇಷನ್ಸ್ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ನೌಕರರ ಮಕ್ಕಳಿಗಾಗಿ. ಜರ್ಮನಿಗೆ ಅದು 1957ರಲ್ಲಿ ಹ್ಯಾಂಬರ್ಗ್ ಮೂಲಕ ಬಂತು. 1961ರಲ್ಲಿ ಫ್ರಾಂಕ್‌ಫರ್ಟ್, 1966ರಲ್ಲಿ ಮ್ಯೂನಿಕ್ ಸೇರಿಕೊಂಡವು. ಪಾಠವೆಲ್ಲ ಇಂಗ್ಲಿಷ್‌ನಲ್ಲಿ. ಬೆಂಗಳೂರಿನ ಮಗು ಸೋಮವಾರ ಸೇರಿ ಮಂಗಳವಾರವೇ ಪಾಠ ಕೇಳಬಹುದು. ಆದರೆ ಐದು ವರ್ಷ ಆ ಊರಿನಲ್ಲಿದ್ದೂ ಬೇಕರಿಯಲ್ಲಿ ಬ್ರೆಡ್ ಕೇಳುವಷ್ಟೇ ಜರ್ಮನ್ ಕಲಿತು ಹೊರಬಂದ ಮಕ್ಕಳೂ ಇದ್ದಾರೆ.

ಮೂರನೆಯದೇ ಈ ಲೇಖನದ ವಿಷಯ: ಇಂಗ್ಲಿಷ್ ಮತ್ತು ಜರ್ಮನ್ ಎರಡರಲ್ಲೂ ಪಾಠ ನಡೆಸುವ, ಸ್ಥಳೀಯ ಕುಟುಂಬಗಳ ಮಕ್ಕಳೂ ಹೊರದೇಶದಿಂದ ಬಂದವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ಪುಟ್ಟ ಶಾಲೆ. ಒಂದೊಂದು ತರಗತಿಗೆ ಒಂದೇ ಸೆಕ್ಷನ್, ಸೆಕ್ಷನ್ನಿಗೆ ಹದಿನೈದರಿಂದ ಇಪ್ಪತ್ತು ಮಕ್ಕಳು, ಪ್ರತಿಯೊಬ್ಬರ ಹೆಸರೂ ಗೊತ್ತಿರುವ ಮುಖ್ಯೋಪಾಧ್ಯಾಯರು. ಇದಕ್ಕೂ ಹಿನ್ನೆಲೆ ಇದೆ. ಬರ್ಲಿನ್‌ನ ಜಾನ್ ಎಫ್. ಕೆನಡಿ ಶಾಲೆ 1960ರಿಂದ ಜರ್ಮನ್ ಮತ್ತು ಅಮೆರಿಕನ್ ಮಕ್ಕಳನ್ನು ಒಟ್ಟಿಗೆ ಓದಿಸುತ್ತಿದೆ. 1992ರಲ್ಲಿ ಬರ್ಲಿನ್ ಸರ್ಕಾರ ತನ್ನದೇ ದ್ವಿಭಾಷಾ ಶಾಲೆಗಳ ಜಾಲ ಆರಂಭಿಸಿತು. ಅಲ್ಲಿನ ನೆಲ್ಸನ್ ಮಂಡೇಲಾ ಶಾಲೆಯೂ ಸರ್ಕಾರಿಯೇ. ಫೀಸಿಲ್ಲ, ಕೆಲಸದ ನಿಮಿತ್ತ ದೇಶ ಬದಲಿಸುವ ಕುಟುಂಬಗಳಿಗೆ ಅಲ್ಲಿ ಜಾಗವಿದೆ. ಬರ್ಲಿನ್‌ಗೆ ಹೋಗುವವರು ಖಾಸಗಿ ಶಾಲೆಯ ಬಾಗಿಲು ತಟ್ಟುವ ಮುನ್ನ ಇಂತಹ ಶಾಲೆಗಳಲ್ಲಿ ವಿಚಾರಿಸಲೇಬೇಕು. ಉಳಿದ ಊರುಗಳಲ್ಲಿ ಇಂತಹ ಶಾಲೆಗಳು ಹೆಚ್ಚಾಗಿ ಖಾಸಗಿ.

ಕೊನೆಯಲ್ಲಿ ಕೈಗೆ ಬರುವ ಸರ್ಟಿಫಿಕೇಟ್ ಯಾವುದು?

ಶಾಲೆ ನೋಡಲು ಹೋದ ನಮ್ಮವರು ಲ್ಯಾಬು, ಆಟದ ಮೈದಾನ, ಊಟದ ಹಾಲ್ ನೋಡಿ ಖುಷಿಪಟ್ಟು ಬರುತ್ತಾರೆ. ಮೊದಲು ಕೇಳಬೇಕಾದದ್ದು ಬೇರೆಯೇ ಇದೆ. ಜರ್ಮನ್ ಸಂವಿಧಾನದ 7ನೆಯ ವಿಧಿ ಖಾಸಗಿ ಶಾಲೆ ನಡೆಸುವ ಹಕ್ಕನ್ನು ಕೊಡುತ್ತದೆ. ಆದರೆ ಕಾನೂನಿನ ಕಣ್ಣಲ್ಲಿ ಖಾಸಗಿ ಶಾಲೆಗಳು ಎರಡು ಜಾತಿ. ಒಂದು ಎರ್ಸಾಟ್ಸ್‌ಶೂಲೆ, ಅಂದರೆ ಸರ್ಕಾರಿ ಶಾಲೆಗೆ ಬದಲಿಯಾಗಿ ನಿಲ್ಲುವಂಥದ್ದು. ಅದು ರಾಜ್ಯದ ಪಠ್ಯಕ್ರಮಕ್ಕೆ ಸರಿಸಮನಾಗಿ ಕಲಿಸಬೇಕು, ಸರ್ಕಾರದ ಅನುದಾನ ಪಡೆಯುತ್ತದೆ, ಹೆತ್ತವರ ಹಣಬಲ ನೋಡಿ ಮಕ್ಕಳನ್ನು ಬೇರ್ಪಡಿಸುವಂತಿಲ್ಲ. ಇನ್ನೊಂದು ಎರ್ಗೆನ್ಸುಂಗ್ಸ್‌ಶೂಲೆ, ಅಂದರೆ ಪೂರಕ ಶಾಲೆ. ಪಠ್ಯಕ್ರಮ ಅದರದೇ, ಫೀಸು ಅದರದೇ. ಪೂರ್ತಿ ಇಂಗ್ಲಿಷ್‌ನ ಅಂತರರಾಷ್ಟ್ರೀಯ ಶಾಲೆಗಳು ಹೆಚ್ಚಾಗಿ ಈ ಗುಂಪಿನವು. ಕೆಲವು ರಾಜ್ಯಗಳಲ್ಲಿ ಸ್ಥಳೀಯ ಮಕ್ಕಳು ಇಂತಹ ಶಾಲೆಗೆ ಸೇರಬೇಕಾದರೆ ಶಿಕ್ಷಣ ಇಲಾಖೆಯ ಅನುಮತಿ ಬೇಕಾಗುತ್ತದೆ.

ಎರ್ಸಾಟ್ಸ್‌ಶೂಲೆಯಲ್ಲೂ ಮತ್ತೆ ಎರಡು ಮೆಟ್ಟಿಲು. ಹೊಸದಾಗಿ ತೆರೆದ ಶಾಲೆಗೆ ಮೊದಲು ಸಿಗುವುದು ಅನುಮತಿ ಮಾತ್ರ. ಕೆಲವು ವರ್ಷ ನಡೆದು ತೋರಿಸಿದ ಮೇಲೆ ಮಾನ್ಯತೆ. ಅನುಮತಿ ಮಾತ್ರ ಇರುವ ಶಾಲೆ ತಾನೇ ಸರ್ಕಾರಿ ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುವಂತಿಲ್ಲ. ಅಲ್ಲಿನ ಮಕ್ಕಳು ಬಾಹ್ಯ ಅಭ್ಯರ್ಥಿಗಳಾಗಿ, ತಮಗೆ ಪಾಠ ಹೇಳಿದವರಲ್ಲದ ಬೇರೆ ಪರೀಕ್ಷಕರ ಮುಂದೆ ಕೂರಬೇಕು. ಪುಟ್ಟ ಶಾಲೆಗಳಲ್ಲಿ ಹೊಸವೇ ಹೆಚ್ಚಾದ್ದರಿಂದ ಈ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ: ನಿಮ್ಮ ಶಾಲೆ ಅನುಮತಿ ಪಡೆದದ್ದೋ, ಮಾನ್ಯತೆ ಪಡೆದದ್ದೋ? ನನ್ನ ಮಗಳು ಹತ್ತನೆಯ ತರಗತಿ ಮುಗಿಸಿದಾಗ ಯಾವ ಕಾಗದ ಸಿಗುತ್ತದೆ, ಹನ್ನೆರಡಕ್ಕೆ ಯಾವುದು?

ಹನ್ನೆರಡರ ಅಥವಾ ಹದಿಮೂರರ ಕೊನೆಯಲ್ಲಿ ಬರುವುದು ಎರಡರಲ್ಲಿ ಒಂದು: ಜರ್ಮನಿಯದೇ ಶಾಲಾಂತ್ಯ ಪರೀಕ್ಷೆಯಾದ ಆಬಿಟೂರ್ ಅಥವಾ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್) ಡಿಪ್ಲೊಮಾ. ಆಬಿಟೂರ್ ಇದ್ದರೆ ಜರ್ಮನಿಯ ಯಾವ ವಿಶ್ವವಿದ್ಯಾಲಯವೂ ಪ್ರಶ್ನೆ ಕೇಳುವುದಿಲ್ಲ. ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯ ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೊ ವಸೂಲು ಮಾಡುತ್ತದೆ. ಅಲ್ಲೇ ಆಬಿಟೂರ್ ಮಾಡಿದ ಭಾರತೀಯ ಮಗುವಿಗೆ ಆ ಹೊರೆಯೂ ಇಲ್ಲ.

ಐಬಿ ಡಿಪ್ಲೊಮಾ ಹದಿನಾರರಿಂದ ಹತ್ತೊಂಬತ್ತರ ವಯಸ್ಸಿನವರಿಗಾಗಿ ಇರುವ ಎರಡು ವರ್ಷದ ಓದು. ಆರು ವಿಷಯ, ಸಾಮಾನ್ಯವಾಗಿ ಮೂರು ಉನ್ನತ ಮಟ್ಟದಲ್ಲಿ, ಮೂರು ಸಾಧಾರಣ ಮಟ್ಟದಲ್ಲಿ. ಜೊತೆಗೆ 4,000 ಪದಗಳವರೆಗಿನ ಸಂಶೋಧನಾ ಪ್ರಬಂಧ, ಜ್ಞಾನಮೀಮಾಂಸೆಯ ಪಾಠ, ಸಮಾಜಸೇವೆ. ಒಟ್ಟು 45 ಅಂಕ. ತೇರ್ಗಡೆಗೆ ಕನಿಷ್ಠ 24. ಇಷ್ಟು ಎಲ್ಲರಿಗೂ ಗೊತ್ತು. ಹೆಚ್ಚಿನವರಿಗೆ ತಡವಾಗಿ ಗೊತ್ತಾಗುವುದು, ಐಬಿ ಪಾಸಾದ ಮಾತ್ರಕ್ಕೆ ಜರ್ಮನಿಯ ವಿಶ್ವವಿದ್ಯಾಲಯ ಒಪ್ಪುವುದಿಲ್ಲ ಎಂಬುದು. ರಾಜ್ಯಗಳ ಶಿಕ್ಷಣ ಸಚಿವರ ಒಕ್ಕೂಟ ಹಾಕಿರುವ ಷರತ್ತುಗಳಿವೆ: ಹನ್ನೆರಡು ವರ್ಷಗಳ ನಿರಂತರ ಓದು ಇರಬೇಕು; ಆರು ವಿಷಯಗಳಲ್ಲಿ ಎರಡು ಭಾಷೆ, ಗಣಿತ, ಒಂದು ವಿಜ್ಞಾನ, ಒಂದು ಸಮಾಜವಿಜ್ಞಾನ ಸೇರಿರಬೇಕು; ಗಣಿತ ಅಥವಾ ವಿಜ್ಞಾನದಲ್ಲಿ ಒಂದಾದರೂ ಉನ್ನತ ಮಟ್ಟದ್ದಾಗಿರಬೇಕು. ಐಬಿಯಲ್ಲಿ ಗಣಿತ ಎರಡು ಬಗೆ, ಒಂದೊಂದರಲ್ಲಿ ಎರಡು ಮಟ್ಟ. ಸುಲಭದ್ದನ್ನು ಆರಿಸಿಕೊಂಡು ಕೊನೆಗೆ ಎಂಜಿನಿಯರಿಂಗ್ ಸೀಟಿನ ಬಾಗಿಲಲ್ಲಿ ನಿಂತು ಅಳುವ ಪರಿಸ್ಥಿತಿ ಬೇಡ. ವಿಷಯಗಳ ಆಯ್ಕೆ ನಡೆಯುವುದು ಹತ್ತನೆಯ ತರಗತಿಯ ಮಧ್ಯದಲ್ಲಿ. ಆ ಹೊತ್ತಿಗೆ ಈ ಪಟ್ಟಿ ನಿಮ್ಮ ಕೈಯಲ್ಲಿರಲಿ.

ಭಾರತದ ಹನ್ನೆರಡನೆಯ ತರಗತಿಯ ಮಾರ್ಕ್ಸ್ ಕಾರ್ಡ್ ಒಂದೇ ಇದ್ದರೆ ಜರ್ಮನಿಯ ವಿಶ್ವವಿದ್ಯಾಲಯಕ್ಕೆ ಸಾಮಾನ್ಯವಾಗಿ ನೇರ ಪ್ರವೇಶವಿಲ್ಲ. ಇಲ್ಲಿ ಒಂದು ವರ್ಷ ಡಿಗ್ರಿ ಓದಬೇಕು, ಇಲ್ಲವೇ ಜೆಇಇ ಅಡ್ವಾನ್ಸ್‌ಡ್ ಪಾಸಾಗಿರಬೇಕು, ಇಲ್ಲವೇ ಅಲ್ಲಿನ ಸ್ಟುಡಿಯನ್‌ಕೊಲೆಗ್ ಎಂಬ ಪೂರ್ವಸಿದ್ಧತಾ ಕಾಲೇಜಿನಲ್ಲಿ ವರ್ಷ ಕಳೆಯಬೇಕು. ಹೈಸ್ಕೂಲಿಗೇ ಅಲ್ಲಿಗೆ ಹೋದ ಮಗುವಿಗೆ ಸರಿಯಾದ ಸರ್ಟಿಫಿಕೇಟ್ ಸಿಕ್ಕರೆ ಈ ಸುತ್ತು ತಪ್ಪುತ್ತದೆ. ಸರ್ಟಿಫಿಕೇಟಿನ ಬಗ್ಗೆ ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಎರಡು ಭಾಷೆ ಎಂದರೆ ಎಷ್ಟು?

ದ್ವಿಭಾಷಾ ಎಂಬ ಬೋರ್ಡು ಯಾರು ಬೇಕಾದರೂ ಹಾಕಿಕೊಳ್ಳಬಹುದು. ವಾರಕ್ಕೆ ಮೂರು ಪೀರಿಯಡ್ ಜರ್ಮನ್ ಇಟ್ಟು ಉಳಿದದ್ದೆಲ್ಲ ಇಂಗ್ಲಿಷ್‌ನಲ್ಲಿ ಮಾಡುವ ಶಾಲೆಯೂ ದ್ವಿಭಾಷಾ ಎನ್ನುತ್ತದೆ. ಇತಿಹಾಸವೊಂದನ್ನು ಇಂಗ್ಲಿಷ್‌ನಲ್ಲಿ ಕಲಿಸುವ ಗಿಮ್ನಾಸಿಯುಮ್ ಕೂಡ ತನ್ನಲ್ಲಿ ದ್ವಿಭಾಷಾ ವಿಭಾಗವಿದೆ ಎನ್ನುತ್ತದೆ. ಶಾಲೆಯವರ ಹತ್ತಿರ ಏಳನೆಯ ತರಗತಿಯ ಟೈಮ್‌ಟೇಬಲ್ ಕೇಳಿ ತೆಗೆದುಕೊಳ್ಳಿ. ಪೆನ್ಸಿಲ್ ಹಿಡಿದು, ಯಾವ ಪೀರಿಯಡ್ ಯಾವ ಭಾಷೆಯಲ್ಲಿ ಎಂದು ಒಂದೊಂದಾಗಿ ಗುರುತು ಹಾಕಿ. ಕಡಿಮೆ ಇರುವ ಭಾಷೆಗೆ ಕನಿಷ್ಠ ಮೂರನೇ ಒಂದು ಪಾಲಾದರೂ ಬರಬೇಕು, ಮತ್ತು ಅದರಲ್ಲಿ ಚಿತ್ರಕಲೆ, ಆಟ, ಸಂಗೀತ ಮಾತ್ರ ಇರಬಾರದು. ಇತಿಹಾಸ, ಭೂಗೋಳ, ವಿಜ್ಞಾನದಂತಹ ಬರೆಯಿಸುವ ವಿಷಯಗಳಲ್ಲಿ ಒಂದಾದರೂ ಆ ಭಾಷೆಯಲ್ಲಿ ನಡೆಯಬೇಕು. ಇದು ನನ್ನ ಲೆಕ್ಕ. ಆದರೆ ಇದಕ್ಕಿಂತ ಕಡಿಮೆಯಾದಲ್ಲಿ ಎರಡನೆಯ ಭಾಷೆ ಬಲಿತದ್ದನ್ನು ನಾನು ಕಂಡಿಲ್ಲ.

ಕಾರಣವೂ ಇದೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1970ರ ದಶಕದ ಕೊನೆಯಿಂದ ಹೇಳುತ್ತ ಬಂದದ್ದು ಇದು: ಆಟದ ಮೈದಾನದ ಭಾಷೆ ಬೇರೆ, ಪಾಠದ ಭಾಷೆ ಬೇರೆ. ಗೆಳೆಯರ ಜೊತೆ ಸಲೀಸಾಗಿ ಮಾತಾಡಲು ವರ್ಷ ಎರಡು ವರ್ಷ ಸಾಕು. ಆದರೆ ವಾದ ಕಟ್ಟಿ ಬರೆಯಲು, ಪಠ್ಯವನ್ನು ಓದಿ ವಿಮರ್ಶಿಸಲು ಬೇಕಾದ ಭಾಷೆ ತನ್ನ ವಯಸ್ಸಿನವರ ಮಟ್ಟ ಮುಟ್ಟಲು ಐದರಿಂದ ಏಳು ವರ್ಷ ಹಿಡಿಯುತ್ತದೆ. ಮಗ ಫೋನಿನಲ್ಲಿ ಗೆಳೆಯನ ಜೊತೆ ಪಟಪಟ ಜರ್ಮನ್ ಆಡುವುದನ್ನು ಕೇಳಿ ಭಾಷೆ ಬಂತು ಎಂದು ನಂಬುವ ಅಪ್ಪ ಅಮ್ಮ, ಒಂಬತ್ತನೆಯ ತರಗತಿಯ ಇತಿಹಾಸ ಪ್ರಬಂಧದಲ್ಲಿ ಅವನು ಸೋತಾಗ ಗಾಬರಿಯಾಗುತ್ತಾರೆ. ಅವನು ಸೋಮಾರಿಯಾದದ್ದಲ್ಲ. ಕಾಲ ಇನ್ನೂ ಆಗಿಲ್ಲ, ಅಷ್ಟೇ.

ಒಳ್ಳೆಯ ದ್ವಿಭಾಷಾ ಪಾಠ ಹೇಗಿರುತ್ತದೆ ಎಂದು ಗುರುತಿಸಲು ಒಂದು ತರಗತಿಯನ್ನು ಹತ್ತಿರದಿಂದ ನೋಡಬೇಕು. ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ ಏಳನೆಯ ತರಗತಿಯ ಇತಿಹಾಸದ ಪಾಠ ಜರ್ಮನ್‌ನಲ್ಲಿತ್ತು. ವಿಷಯ ಮಧ್ಯಯುಗದ ಪಟ್ಟಣ. ಟೀಚರ್ ಒಳಗೆ ಬಂದವರೇ ಪ್ರತಿಯೊಬ್ಬರಿಗೂ ಒಂದು ಅರ್ಧ ಹಾಳೆ ಹಂಚಿದರು: ಅಂದಿನ ಪಾಠಕ್ಕೆ ಬೇಕಾದ ಹನ್ನೆರಡು ಪದ, ಪಕ್ಕದಲ್ಲಿ ಚಿತ್ರ, ಕೆಳಗೆ ವಾಕ್ಯ ಶುರುಮಾಡಲು ನಾಲ್ಕು ತುಣುಕು. ಆರು ತಿಂಗಳ ಹಿಂದೆ ಬಂದ ಹುಡುಗಿಯೊಬ್ಬಳನ್ನು ಸ್ಥಳೀಯ ಹುಡುಗಿಯ ಪಕ್ಕ ಕೂರಿಸಿದ್ದರು. ಊರಿನ ಗೋಡೆಯೊಳಗೆ ಬದುಕಲು ಜನ ಯಾಕೆ ಬಯಸುತ್ತಿದ್ದರು ಎಂದು ಕೇಳಿದಾಗ ಅವಳು ಇಂಗ್ಲಿಷ್‌ನಲ್ಲೇ ಉತ್ತರ ಕೊಟ್ಟಳು. ಟೀಚರ್ ತಡೆಯಲಿಲ್ಲ. ಉತ್ತರ ಚೆನ್ನಾಗಿದೆ ಎಂದು ಹೇಳಿ, ಈಗ ಆ ಹಾಳೆಯ ಸಹಾಯದಿಂದ ಇಬ್ಬರೂ ಸೇರಿ ಅದನ್ನೇ ಎರಡು ಜರ್ಮನ್ ವಾಕ್ಯದಲ್ಲಿ ಬರೆಯಿರಿ ಎಂದರು. ಬರೆದರು. ಯೋಚನೆ ನಿಲ್ಲಲಿಲ್ಲ, ಭಾಷೆಯೂ ಬೆಳೆಯಿತು. ಮುಂದಿನ ಪೀರಿಯಡ್ ಗಣಿತ, ಇಂಗ್ಲಿಷ್‌ನಲ್ಲಿ. ಈಗ ತಡವರಿಸುವ ಸರದಿ ಆ ಸ್ಥಳೀಯ ಹುಡುಗಿಯದು, ಹೇಳಿಕೊಡುವ ಸರದಿ ಇವಳದು. ಸ್ಥಳೀಯ ಮತ್ತು ಹೊರದೇಶದ ಮಕ್ಕಳು ಸರಿಸಮ ಸಂಖ್ಯೆಯಲ್ಲಿರುವ ಶಾಲೆಯ ದೊಡ್ಡ ಲಾಭ ಇದೇ. ಯಾರೂ ಯಾವಾಗಲೂ ಹಿಂದುಳಿದವರಲ್ಲ.

ಹಾಗಾಗಿ ಸ್ಥಳೀಯ ಮಕ್ಕಳ ಪಾಲು ಎಷ್ಟು ಎಂದು ಕೇಳಿ. ಬಿಡುವಿನ ವೇಳೆಯಲ್ಲಿ ಅಂಗಳದಲ್ಲಿ ನಿಂತು ಮಕ್ಕಳು ಗುಂಪುಗುಂಪಾಗಿ ಭಾಷೆಯ ಪ್ರಕಾರ ಬೇರಾಗಿದ್ದಾರೋ, ಬೆರೆತಿದ್ದಾರೋ ನೋಡಿ. ಜರ್ಮನ್ ಭಾಷಾ ಪರೀಕ್ಷೆಗಳಲ್ಲಿ ಡಿಎಸ್‌ಡಿ ಎಂಬುದೊಂದಿದೆ, ಶಾಲೆಯಲ್ಲೇ ಬರೆಯುವಂಥದ್ದು. ಅದರ ಎರಡನೆಯ ಹಂತ ಪಾಸಾದರೆ ವಿಶ್ವವಿದ್ಯಾಲಯಕ್ಕೆ ಬೇಕಾದ ಭಾಷಾ ಪುರಾವೆ ಸಿಕ್ಕಂತೆ. ಐಬಿ ಓದುವ ಮಗು ಇದನ್ನು ಬರೆಯಬಹುದೇ ಎಂಬುದನ್ನೂ ವಿಚಾರಿಸಿ.

ಪುಟ್ಟ ಶಾಲೆಯ ಹಿತ, ಪುಟ್ಟ ಶಾಲೆಯ ಅಪಾಯ

ಇಡೀ ಶಾಲೆಯಲ್ಲಿ ಇನ್ನೂರು ಮಕ್ಕಳಿದ್ದರೆ ಹೊಸ ಮಗು ಕಳೆದುಹೋಗುವುದಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಗೆಳೆಯರನ್ನೂ ಅಜ್ಜಿ ತಾತನನ್ನೂ ಬಿಟ್ಟು ಬಂದವರಿಗೆ ಇದು ಸಣ್ಣ ವಿಷಯವಲ್ಲ. ಮೂರು ದಿನ ಸಪ್ಪಗಿದ್ದರೆ ನಾಲ್ಕನೆಯ ದಿನ ಟೀಚರ್ ಫೋನ್ ಮಾಡುತ್ತಾರೆ. ನಾಟಕದಲ್ಲಿ ಪಾತ್ರ ಸಿಗುತ್ತದೆ, ತಂಡದಲ್ಲಿ ಜಾಗ ಸಿಗುತ್ತದೆ.

ಅದೇ ಪುಟ್ಟತನ ಮೇಲಿನ ತರಗತಿಗಳಲ್ಲಿ ಕೈಕಟ್ಟುತ್ತದೆ. ಹನ್ನೊಂದರಲ್ಲಿ ಹನ್ನೆರಡೇ ಮಕ್ಕಳಿದ್ದರೆ ಉನ್ನತ ಮಟ್ಟದ ಭೌತಶಾಸ್ತ್ರಕ್ಕೆ ಇಬ್ಬರೇ ಬರಬಹುದು, ಆಗ ಶಾಲೆ ಆ ವಿಷಯವನ್ನೇ ನಡೆಸದಿರಬಹುದು. ಎಂಜಿನಿಯರಿಂಗೋ ವೈದ್ಯಕೀಯವೋ ಎಂದು ಮನಸ್ಸಿನಲ್ಲಿಟ್ಟುಕೊಂಡ ಮಗುವಿಗೆ ಇದು ದೊಡ್ಡ ಪೆಟ್ಟು. ಕಳೆದ ಮೂರು ವರ್ಷ ನಿಜವಾಗಿ ನಡೆದ ವಿಷಯಗಳ ಪಟ್ಟಿ ಕೇಳಿ; ಕೈಪಿಡಿಯಲ್ಲಿ ಅಚ್ಚಾದ ಪಟ್ಟಿ ಬೇಡ. ಐಬಿ ವಿಷಯದಲ್ಲಿ ಶಾಲೆಗೆ ಪೂರ್ಣ ಅಧಿಕಾರ ಸಿಕ್ಕಿದೆಯೋ, ಇನ್ನೂ ಅಭ್ಯರ್ಥಿ ಹಂತದಲ್ಲಿದೆಯೋ ತಿಳಿಯಿರಿ. ಅಭ್ಯರ್ಥಿ ಶಾಲೆ ಡಿಪ್ಲೊಮಾ ಪರೀಕ್ಷೆಗೆ ಮಕ್ಕಳನ್ನು ಕೂರಿಸುವಂತಿಲ್ಲ. ಐಬಿ ಸಂಸ್ಥೆಯ ಜಾಲತಾಣದಲ್ಲಿ ಶಾಲೆಯ ಹೆಸರು ಹುಡುಕಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಒಬ್ಬರೇ ಕೆಮಿಸ್ಟ್ರಿ ಟೀಚರ್ ಇದ್ದು ಅವರು ವರ್ಷದ ನಡುವೆ ಬಿಟ್ಟುಹೋದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೂ ಮುಖ್ಯಸ್ಥರ ಬಳಿ ಉತ್ತರ ಇರಬೇಕು. ಹೊರದೇಶದ ಕುಟುಂಬಗಳು ಎರಡು ಮೂರು ವರ್ಷಕ್ಕೆ ಊರು ಬಿಡುತ್ತವೆ. ಪ್ರತಿ ಜೂನ್, ಜುಲೈನಲ್ಲಿ ಮಗುವಿನ ಆಪ್ತ ಗೆಳೆಯನೊಬ್ಬ ಹೊರಟುಹೋಗುತ್ತಾನೆ. ಸ್ಥಳೀಯ ಗೆಳೆಯರಿದ್ದರೆ ಆ ನೋವು ಅರ್ಧ.

ಒಂದು ದಿನ ಮಗುವನ್ನೇ ಕೂರಿಸಿ

ನವೆಂಬರಿನಿಂದ ಫೆಬ್ರವರಿಯವರೆಗೆ ಬಹಳಷ್ಟು ಶಾಲೆಗಳು ತೆರೆದ ದಿನ ಇಟ್ಟುಕೊಳ್ಳುತ್ತವೆ. ಅದು ಶಾಲೆ ಸಿಂಗರಿಸಿಕೊಂಡು ನಿಲ್ಲುವ ದಿನ. ನಿಜ ತಿಳಿಯುವುದು ಪ್ರಯೋಗ ದಿನದಂದು, ಅಂದರೆ ನಿಮ್ಮ ಮಗು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಆ ತರಗತಿಯಲ್ಲೇ ಕೂರುವ ದಿನ. ಸಂಜೆ ಮನೆಗೆ ಬಂದ ಮಗುವನ್ನು ಶಾಲೆ ಹೇಗಿತ್ತು ಎಂದು ಕೇಳಬೇಡಿ. ಚೆನ್ನಾಗಿತ್ತು ಎನ್ನುತ್ತದೆ, ಅಷ್ಟೇ. ಬಿಡುವಿನಲ್ಲಿ ಯಾರ ಜೊತೆ ನಿಂತಿದ್ದೆ, ಯಾರು ಹೆಸರು ಕೇಳಿದರು, ಗೊತ್ತಾಗದಿದ್ದಾಗ ಏನು ಮಾಡಿದೆ ಎಂದು ಕೇಳಿ.

ಬಿಡುವು ಎಂದರೆ ಡಬ್ಬಿಯ ಹೊತ್ತು. ಅಲ್ಲಿನ ಮಕ್ಕಳು ಡಬ್ಬಿಯಲ್ಲಿ ಬ್ರೆಡ್ಡು, ಸೇಬಿನ ಹೋಳು, ಕ್ಯಾರೆಟ್ ತರುತ್ತಾರೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ನಿಂತೇ ತಿಂದು ಮುಗಿಸುತ್ತಾರೆ. ಚಿತ್ರಾನ್ನಕ್ಕಿಂತ ಸುರುಳಿ ಸುತ್ತಿದ ಚಪಾತಿ ವಾಸಿ. ಮಧ್ಯಾಹ್ನದ ಊಟದ ಹಾಲ್‌ನಲ್ಲಿ ಸಸ್ಯಾಹಾರ ಸಿಗುತ್ತದೆ, ಆದರೆ ಅದರಲ್ಲಿ ಮೊಟ್ಟೆ ಇರಬಹುದು. ಮೊಟ್ಟೆ ತಿನ್ನದ ಮನೆಯವರು ಮೊದಲೇ ಹೇಳಿ ಬರೆಸಬೇಕು.

ಅಂಕಗಳ ವಿಷಯ ನಮ್ಮವರನ್ನು ಬಹಳ ತಬ್ಬಿಬ್ಬುಗೊಳಿಸುತ್ತದೆ. ಜರ್ಮನ್ ಪದ್ಧತಿಯಲ್ಲಿ 1 ಅತ್ಯುತ್ತಮ, 6 ಅತಿ ಕೆಟ್ಟದ್ದು. ಐಬಿಯಲ್ಲಿ ತದ್ವಿರುದ್ಧ: 7 ಮೇಲು, 1 ಕೀಳು. ಒಂದೇ ಶಾಲೆಯಲ್ಲಿ ಎರಡೂ ಇರಬಹುದು. ಅದಕ್ಕಿಂತ ಮುಖ್ಯವಾದದ್ದು, ಜರ್ಮನ್ ಶಾಲೆಯಲ್ಲಿ ತರಗತಿಯಲ್ಲಿ ಬಾಯಿಬಿಟ್ಟು ಮಾತಾಡಿದ್ದಕ್ಕೂ ಅಂಕವಿದೆ ಮತ್ತು ಅದರ ತೂಕ ಕಡಿಮೆಯಲ್ಲ. ಕೇಳಿದಾಗ ಮಾತ್ರ ಉತ್ತರಿಸು, ಮಧ್ಯೆ ಬಾಯಿ ಹಾಕಬೇಡ ಎಂದು ಬೆಳೆಸಿದ ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗಿ ಬರೆದೂ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಮೊದಲ ವಾರದಿಂದಲೇ, ದಿನಕ್ಕೆ ಒಂದು ಸಲವಾದರೂ ಕೈ ಎತ್ತು ಎಂದು ಮಗುವಿಗೆ ಹೇಳಿಕೊಡಿ.

ಈಜಿನ ಪಾಠ ಪಠ್ಯದ ಭಾಗ. ಹುಡುಗರೂ ಹುಡುಗಿಯರೂ ಭಾಗವಹಿಸಬೇಕು. ನಾಲ್ಕೈದು ದಿನದ ತರಗತಿ ಪ್ರವಾಸವೂ ಓದಿನ ಭಾಗವೇ. ಮಗಳನ್ನು ಕಳಿಸಲು ಹಿಂದೆಮುಂದೆ ನೋಡುವ ಮನೆಗಳಿವೆ. ದಯವಿಟ್ಟು ಕಳಿಸಿ. ಅಲ್ಲಿ ಸ್ನೇಹ ಹುಟ್ಟುವುದೇ ಆ ಪ್ರವಾಸದಲ್ಲಿ.

ಫೀಸು ಮತ್ತು ತೆರಿಗೆ

ಅಂತರರಾಷ್ಟ್ರೀಯ ಶಾಲೆಗಳ ಮೇಲಿನ ತರಗತಿಗಳಿಗೆ ವರ್ಷಕ್ಕೆ ಸುಮಾರು 15,000ದಿಂದ 25,000 ಯೂರೊ, ಕೆಲವೆಡೆ ಅದಕ್ಕೂ ಹೆಚ್ಚು. ಎರ್ಸಾಟ್ಸ್‌ಶೂಲೆಯಾಗಿರುವ ದ್ವಿಭಾಷಾ ಶಾಲೆಗಳಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ, ಮತ್ತು ಹಲವು ಕಡೆ ಹೆತ್ತವರ ಆದಾಯಕ್ಕೆ ತಕ್ಕಂತೆ ಫೀಸು. ನೋಂದಣಿ, ಪ್ರವೇಶ ಶುಲ್ಕ, ಊಟ, ಪ್ರವಾಸ, ಲ್ಯಾಪ್‌ಟಾಪ್, ಪರೀಕ್ಷಾ ಶುಲ್ಕ ಎಲ್ಲ ಸೇರಿಸಿದ ಒಟ್ಟು ಲೆಕ್ಕವನ್ನು ಕಾಗದದಲ್ಲಿ ಕೇಳಿ. ಒಪ್ಪಂದ ರದ್ದು ಮಾಡಲು ಎಷ್ಟು ತಿಂಗಳ ಮುಂಚೆ ತಿಳಿಸಬೇಕು ಎಂಬ ಸಾಲನ್ನು ಎರಡು ಸಲ ಓದಿ. ಕಂಪನಿ ವರ್ಷದ ನಡುವೆ ವಾಪಸು ಕರೆಸಿಕೊಂಡರೆ ಉಳಿದ ಫೀಸು ನಿಮ್ಮ ತಲೆಯ ಮೇಲೆ ಬರುತ್ತದೆ.

ತೆರಿಗೆಯಲ್ಲಿ ಒಂದಿಷ್ಟು ವಾಪಸು ಬರುತ್ತದೆ. ಮಾನ್ಯ ಸರ್ಟಿಫಿಕೇಟ್‌ನತ್ತ ಒಯ್ಯುವ ಖಾಸಗಿ ಶಾಲೆಯ ಬೋಧನಾ ಶುಲ್ಕದ 30 ಪ್ರತಿಶತವನ್ನು, ಮಗುವೊಂದಕ್ಕೆ ವರ್ಷಕ್ಕೆ ಗರಿಷ್ಠ 5,000 ಯೂರೊವರೆಗೆ, ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಬಹುದು. ಫೀಸು 9,000 ಯೂರೊ ಇದ್ದರೆ 2,700 ಕಳೆಯಬಹುದು. 20,000 ಇದ್ದರೂ 5,000ಕ್ಕೆ ನಿಲ್ಲುತ್ತದೆ. ಊಟ, ವಸತಿಯ ಖರ್ಚು ಇದರಲ್ಲಿ ಸೇರದು. ಬಿಲ್ಲಿನಲ್ಲಿ ಬೇರೆ ಬೇರೆ ಬರೆಸಿಕೊಳ್ಳಿ. ಕಂಪನಿಯೇ ಫೀಸು ಕಟ್ಟುತ್ತದೆ ಎಂದು ನಿಶ್ಚಿಂತೆಯಿಂದ ಇರುವವರಿಗೊಂದು ಮಾತು: ಶಾಲೆಗೆ ಹೋಗುವ ವಯಸ್ಸಿನ ಮಗುವಿನ ಫೀಸನ್ನು ಉದ್ಯೋಗದಾತರು ಕಟ್ಟಿದರೆ ಅದು ಸಂಬಳದ ಭಾಗವೆಂದು ಲೆಕ್ಕ, ಅದರ ಮೇಲೆ ತೆರಿಗೆ ಬೀಳುತ್ತದೆ. ಆ ತೆರಿಗೆಯನ್ನೂ ಕಂಪನಿ ಹೊರುತ್ತದೆಯೇ ಎಂಬುದು ಆಫರ್ ಲೆಟರಿಗೆ ಸಹಿ ಹಾಕುವ ಮುನ್ನ ಇತ್ಯರ್ಥವಾಗಬೇಕು.

ಯಾವಾಗ ಹೊರಡಬೇಕು, ಏನು ಒಯ್ಯಬೇಕು

ಜರ್ಮನಿಯ ಶಾಲಾ ವರ್ಷ ರಾಜ್ಯಕ್ಕೊಂದು ದಿನಾಂಕದಂತೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಶುರು. ಬವೇರಿಯಾದಲ್ಲಿ ಸೆಪ್ಟೆಂಬರ್ ಮಧ್ಯಭಾಗ. ನನ್ನ ಸಲಹೆ ಇಷ್ಟು. ಐದು ಅಥವಾ ಆರನೆಯ ತರಗತಿ ಮುಗಿಸಿ ಹೊರಟರೆ ಆಬಿಟೂರ್ ದಾರಿಯೂ ತೆರೆದಿರುತ್ತದೆ. ಏಳು, ಎಂಟು ಮುಗಿಸಿದವರಿಗೆ ದ್ವಿಭಾಷಾ ಶಾಲೆಯಲ್ಲಿ ಐಬಿ ಗುರಿ ಇಟ್ಟುಕೊಳ್ಳುವುದು ಕ್ಷೇಮ. ಹತ್ತು ಮುಗಿಸಿ ಹೋದರೆ ಐಬಿಯ ಮೊದಲ ವರ್ಷಕ್ಕೆ ಸರಿಯಾಗಿ ಸೇರಬಹುದು. ಒಂಬತ್ತರ ಮಧ್ಯದಲ್ಲಿ ಅಥವಾ ಹನ್ನೊಂದು ಮುಗಿಸಿ ಹೋಗಬೇಡಿ. ಐಬಿ ಎರಡು ವರ್ಷದ ಇಡಿಯಾದ ಓದು; ನಡುವೆ ನುಗ್ಗಲು ಜಾಗವಿಲ್ಲ. ಹನ್ನೊಂದು ಮುಗಿದಿದ್ದರೆ ಕುಟುಂಬದಲ್ಲಿ ಒಬ್ಬರು ಒಂದು ವರ್ಷ ಬೆಂಗಳೂರಿನಲ್ಲೇ ಉಳಿದು ಹನ್ನೆರಡನ್ನೂ ಓದಿಸಿ ಮುಗಿಸುವುದು ಮಗುವಿಗೆ ಒಳ್ಳೆಯದು.

ಕಳೆದ ಎರಡು ಮೂರು ವರ್ಷದ ಮಾರ್ಕ್ಸ್ ಕಾರ್ಡ್, ಟಿಸಿ, ಜನನ ಪ್ರಮಾಣಪತ್ರ ಜೊತೆಗಿರಲಿ. ಸರ್ಕಾರಿ ಕಚೇರಿಗೆ ಜರ್ಮನ್ ಅನುವಾದ ಬೇಕಾದರೆ ಅಲ್ಲಿನ ಪ್ರಮಾಣಿತ ಅನುವಾದಕರಿಂದ ಮಾಡಿಸಿ. ಎಲ್ಲಕ್ಕಿಂತ ಮುಖ್ಯ, ಮಗುವಿನ ಹಳೆಯ ಲಸಿಕೆ ಕಾರ್ಡ್. 2020ರ ಮಾರ್ಚ್ 1ರಿಂದ ಜರ್ಮನಿಯಲ್ಲಿ ಶಾಲೆಗೆ ಸೇರುವ ಮಗುವಿಗೆ ದಡಾರದ ಎರಡು ಡೋಸ್ ಆಗಿರುವ ಪುರಾವೆ ಕಡ್ಡಾಯ. ಕಾರ್ಡ್ ಕಳೆದಿದ್ದರೆ ಲಸಿಕೆ ಹಾಕಿಸಿದ ಆಸ್ಪತ್ರೆಯಿಂದ ಹೊರಡುವ ಮುನ್ನವೇ ನಕಲು ಪಡೆಯಿರಿ.

ವಾಪಸು ಬಂದರೆ?

ಬಹಳಷ್ಟು ಕುಟುಂಬಗಳು ಮರಳುತ್ತವೆ. ಐಬಿ ಡಿಪ್ಲೊಮಾವನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಹನ್ನೆರಡನೆಯ ತರಗತಿಗೆ ಸಮವೆಂದು ಒಪ್ಪುತ್ತದೆ. ಅದರಿಂದ ತತ್ಸಮಾನ ಪ್ರಮಾಣಪತ್ರ ಪಡೆಯಬೇಕು. ವೈದ್ಯಕೀಯ ಬೇಕಾದವರು ಭೌತ, ರಸಾಯನ, ಜೀವಶಾಸ್ತ್ರ ಮೂರನ್ನೂ ಓದಿರಬೇಕು. ಪುಟ್ಟ ಶಾಲೆಯಲ್ಲಿ ಮೂರು ವಿಜ್ಞಾನ ಒಟ್ಟಿಗೆ ಹೊಂದಿಸುವುದೇ ಕಷ್ಟ. ನೀಟ್ ನಡೆಯುವುದು ಸಾಮಾನ್ಯವಾಗಿ ಮೇ ಮೊದಲ ವಾರದಲ್ಲಿ, ಸರಿಯಾಗಿ ಐಬಿ ಪರೀಕ್ಷೆಗಳ ನಡುವೆ. ಐಬಿ ಫಲಿತಾಂಶ ಬರುವುದು ಜುಲೈ ಮೊದಲ ವಾರ.

ಕರ್ನಾಟಕದ ಸಿಇಟಿ ಸೀಟಿನ ಆಸೆ ಇದ್ದರೆ ಅರ್ಹತೆಯ ನಿಯಮ ನೋಡಿಕೊಳ್ಳಿ. ಅದರ ಮುಖ್ಯ ಕಲಂ ಪ್ರಕಾರ ಒಂದರಿಂದ ಹನ್ನೆರಡರ ನಡುವೆ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿ, ಹತ್ತನೆಯದೋ ಹನ್ನೆರಡನೆಯದೋ ಇಲ್ಲಿಯೇ ಪಾಸಾಗಿರಬೇಕು. ಬೇರೆ ಕಲಂಗಳೂ ಇವೆ, ಆದರೆ ಹೊರದೇಶದಲ್ಲಿ ಹೈಸ್ಕೂಲು ಮುಗಿಸಿದ ಮಗುವಿಗೆ ಈ ಮುಖ್ಯ ದಾರಿ ಮುಚ್ಚಿರುವ ಸಂಭವವೇ ಹೆಚ್ಚು.

ಇನ್ನು ಕನ್ನಡ. ಎರಡು ಭಾಷೆಯ ಶಾಲೆಗೆ ಹೋಗುವ ಮಗುವಿನ ಮೇಲೆ ಮೂರನೆಯದನ್ನು ಹೇರಬೇಕೆ ಎಂದು ಕೆಲವರು ಮನೆಯಲ್ಲೂ ಇಂಗ್ಲಿಷ್‌ಗೆ ಇಳಿಯುತ್ತಾರೆ. ಬೇಡ. ಒಂದು ಭಾಷೆಯಲ್ಲಿ ಆಳವಾಗಿ ಯೋಚಿಸಲು ಕಲಿತ ಮಗು ಆ ಶಕ್ತಿಯನ್ನು ಇನ್ನೊಂದಕ್ಕೂ ಒಯ್ಯುತ್ತದೆ ಎಂಬುದು ಅದೇ ಕಮಿನ್ಸ್ ಒತ್ತಿ ಹೇಳಿದ ಮಾತು. ಐಬಿಯಲ್ಲಿ ಮಾತೃಭಾಷಾ ಸಾಹಿತ್ಯವನ್ನು ಶಾಲೆಯ ನೆರವಿನೊಂದಿಗೆ ಸ್ವಂತವಾಗಿ ಓದಿ ಪರೀಕ್ಷೆ ಬರೆಯುವ ಅವಕಾಶವೂ ಇದೆ, ಸಾಧಾರಣ ಮಟ್ಟದಲ್ಲಿ. ಎಲ್ಲ ಭಾಷೆಗಳೂ ತಾನಾಗಿ ಪಟ್ಟಿಯಲ್ಲಿರುವುದಿಲ್ಲ. ಕೆಲವಕ್ಕೆ ಶಾಲೆ ಬಹಳ ಮುಂಚಿತವಾಗಿ ವಿಶೇಷ ಮನವಿ ಸಲ್ಲಿಸಬೇಕು. ಕನ್ನಡಕ್ಕಾಗಿ ಮನವಿ ಕಳಿಸುವಿರಾ ಎಂದು ಹತ್ತನೆಯ ತರಗತಿಯಲ್ಲೇ ಕೇಳಿ. ಕೇಳುವ ಕುಟುಂಬಗಳು ಹೆಚ್ಚಿದಷ್ಟೂ ದಾರಿ ಸಲೀಸಾಗುತ್ತದೆ.

ಒಳ್ಳೆಯ ಶಾಲೆಗಳ ಸೀಟುಗಳು ಹಿಂದಿನ ಚಳಿಗಾಲದಲ್ಲೇ ತುಂಬತೊಡಗುತ್ತವೆ. ಕೆಲಸದ ಆಫರ್ ಕೈಗೆ ಬಂದ ವಾರವೇ ಶಾಲೆಗೆ ಇಮೇಲ್ ಬರೆಯಿರಿ: ಶಾಲೆಯ ಮಾನ್ಯತೆ ಏನು, ಹತ್ತಕ್ಕೂ ಹನ್ನೆರಡಕ್ಕೂ ಸಿಗುವ ಸರ್ಟಿಫಿಕೇಟ್ ಯಾವುದು, ಏಳನೆಯ ತರಗತಿಯಲ್ಲಿ ಯಾವ ವಿಷಯ ಯಾವ ಭಾಷೆಯಲ್ಲಿ, ಕಳೆದ ಮೂರು ವರ್ಷ ಮೇಲಿನ ತರಗತಿಯಲ್ಲಿ ನಡೆದ ವಿಷಯಗಳಾವುವು. ಈ ನಾಲ್ಕಕ್ಕೂ ಬರಹದಲ್ಲಿ ಉತ್ತರ ಬಾರದ ಶಾಲೆಗೆ, ಅದು ಎಷ್ಟೇ ಚಂದ ಕಾಣಲಿ, ಮುಂಗಡ ಕಟ್ಟಬೇಡಿ.